ಹಳೇ ಆಂಡ್ರಾಯ್ಡ್ ಫೋನನ್ನು ಬೇಬಿ ಮಾನಿಟರ್ ಮಾಡಿಕೊಳ್ಳೋದು: ಮಹಡಿ ಮನೆ, ಕರೆಂಟ್ ಕಟ್, ಮಿಕ್ಸಿ ಸದ್ದು

ಪುಟ್ಟಿಯಮ್ಮ_ಬನಶಂಕರಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದು ತಿಂಗಳು. ಕೆಳಗೆ ಹಾಲು, ಅಡುಗೆಮನೆ, ಒಂದು ರೂಮು. ಮಹಡಿ ಮೇಲೆ ಒಂದು ರೂಮು, ಅಲ್ಲೇ ನನ್ನ ಆಫೀಸ್ ಟೇಬಲ್. ಹಗಲು ಮಗು ಕೆಳಗಿನ ರೂಮಿನಲ್ಲಿ ಮಲಗುತ್ತೆ. ಅತ್ತೆ ಇರ್ತಾರೆ, ಆದ್ರೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ಅಳು ಅವರಿಗೂ ಕೇಳಲ್ಲ, ನನಗಂತೂ ಇಲ್ಲವೇ ಇಲ್ಲ.

ಮನೆಯಲ್ಲಿ ಎರಡು ಹಳೇ ಫೋನ್ ಇವೆ. ಆಂಡ್ರಾಯ್ಡ್ 10 ಇರೋ ರೆಡ್ಮಿ ಒಂದು, ಆಂಡ್ರಾಯ್ಡ್ 6 ಇರೋ ಸ್ಯಾಮ್‌ಸಂಗ್ ಒಂದು. ವೈಫೈ ರೂಟರ್ ಕೆಳಗೆ ಹಾಲಿನಲ್ಲಿ. ಹೊಸದಾಗಿ ಮಾನಿಟರ್ ಕೊಳ್ಳೋ ಬದಲು ಇವುಗಳಲ್ಲೇ ಒಂದನ್ನು ಇಡಬಹುದಾ? ವಾಟ್ಸಾಪ್ ವಿಡಿಯೋ ಕಾಲ್ ಹಾಕಿಟ್ಟರೆ ಸಾಕಾ, ಬೇರೆ ಆಪ್ ಬೇಕಾ? ಕರೆಂಟ್ ಹೋದಾಗ ಏನಾಗುತ್ತೆ? ದಿನವೆಲ್ಲಾ ಚಾರ್ಜಿಗೆ ಹಾಕಿಟ್ಟರೆ ಅಪಾಯವೇ? ಅತ್ತೆಗೆ ರೇಡಿಯೇಶನ್ ಚಿಂತೆ ಬೇರೆ. ಮಗು ಕೆಲವೊಮ್ಮೆ ಸೀರೆ ಜೋಲಿಯಲ್ಲಿ, ಕೆಲವೊಮ್ಮೆ ಚಾಪೆ ಮೇಲಿನ ಹಾಸಿಗೆಯಲ್ಲಿ ಮಲಗುತ್ತೆ. ಗೊತ್ತಿರೋರು ವಿವರವಾಗಿ ಹೇಳಿ.

ಎಸ್ಪಿರೋಡ್_ವೈರಿಂಗ್

ಮೇಡಂ, ರೆಡ್ಮಿ ಇಟ್ಟುಕೊಳ್ಳಿ, ಸ್ಯಾಮ್‌ಸಂಗ್ ಬಿಡಿ. ಆಂಡ್ರಾಯ್ಡ್ 7.1ಕ್ಕಿಂತ ಹಳೆಯದಕ್ಕೆ ಇವತ್ತಿನ ಎಷ್ಟೋ ಸರ್ವರ್‌ಗಳ ಭದ್ರತಾ ಪ್ರಮಾಣಪತ್ರವೇ ಗುರುತು ಸಿಗಲ್ಲ. ಆಪ್ ಇನ್‌ಸ್ಟಾಲ್ ಆದರೂ ಲಾಗಿನ್ ಆಗದೆ ಸುಮ್ಮನೆ ತಿರುಗುತ್ತಾ ಇರುತ್ತೆ, ಕಾರಣ ಮಾತ್ರ ಗೊತ್ತಾಗಲ್ಲ.

ಆಪ್ ಆರಿಸುವಾಗ ಚಿತ್ರ ಎಷ್ಟು ಚೆನ್ನಾಗಿದೆ ಅನ್ನೋದು ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು, ಸಂಪರ್ಕ ಕಡಿದರೆ ನಿಮ್ಮ ಕೈಯಲ್ಲಿರೋ ಫೋನು ಜೋರಾಗಿ ಬಡಿದುಕೊಳ್ಳುತ್ತಾ ಅಂತ. ಸದ್ದಿಲ್ಲ ಅಂದ್ರೆ ಮಗು ಮಲಗಿದೆ ಅಂತ ಎಲ್ಲರೂ ಅಂದುಕೊಳ್ತಾರೆ. ವೈಫೈ ಬಿದ್ದುಹೋಗಿ ಅರ್ಧ ಗಂಟೆ ಆಗಿದ್ದರೂ ನಿಮ್ಮ ಕಡೆ ಅದೇ ನಿಶ್ಶಬ್ದ. ಈ ಅಲಾರಂ ಇಲ್ಲದ ಆಪ್ ಎಷ್ಟೇ ಸ್ಟಾರ್ ತಗೊಂಡಿರಲಿ, ಬೇಡ. ಎರಡನೆಯದು, ಇಂಟರ್ನೆಟ್ ಇಲ್ಲದೆ ಮನೆ ವೈಫೈ ಒಳಗೇ ಕೆಲಸ ಮಾಡಬೇಕು. ಮೂರನೆಯದು, ಸ್ಕ್ರೀನ್ ಆರಿದ ಮೇಲೂ ಮೈಕ್ ಓಡ್ತಾ ಇರಬೇಕು. ಆಂಡ್ರಾಯ್ಡ್ 9ರಿಂದ ಈಚೆಗೆ ಹಿನ್ನೆಲೆಯಲ್ಲಿ ಸುಮ್ಮನೆ ಕೂತ ಆಪ್‌ಗೆ ಮೈಕ್, ಕ್ಯಾಮೆರಾ ಎರಡೂ ಸಿಗಲ್ಲ. ಮೇಲ್ಗಡೆ ನೋಟಿಫಿಕೇಶನ್ ತೋರಿಸ್ಕೊಂಡು ಓಡೋ ಆಪ್‌ಗೆ ಮಾತ್ರ ಸಿಗುತ್ತೆ. ಆ ನೋಟಿಫಿಕೇಶನ್ ಕಿರಿಕಿರಿ ಅಂತ ತೆಗೆದುಬಿಡಬೇಡಿ.

ವಾಟ್ಸಾಪ್ ಕಾಲ್ ಯಾಕೆ ಬೇಡ ಅಂದ್ರೆ, ಮಾತುಕತೆಗೆ ಮಾಡಿದ ಆಪ್‌ಗಳು ದೊಡ್ಡವರ ಮಾತನ್ನು ಮುಂದೆ ತಂದು ಉಳಿದದ್ದನ್ನು ಗದ್ದಲ ಅಂತ ತಗ್ಗಿಸುತ್ತವೆ. ಫ್ಯಾನ್ ಸದ್ದಿನ ಜೊತೆಗೆ ಮಗುವಿನ ಸಣ್ಣ ಕುಂಯ್ ಕುಂಯ್ ಕೂಡ ಅದರಲ್ಲಿ ಹೋಗಿಬಿಡುತ್ತೆ, ಜೋರಾಗಿ ಅತ್ತಾಗಲೂ ತುಂಡು ತುಂಡಾಗಿ ಕೇಳುತ್ತೆ. ಸಾಲದ್ದಕ್ಕೆ ನಿಮಗೆ ಬೇರೆ ಯಾರದಾದರೂ ಫೋನ್ ಬಂದು ಎತ್ತಿದ್ರೆ ಈ ಕಾಲ್ ಹೋಲ್ಡ್‌ಗೆ ಹೋಗುತ್ತೆ. ಅರ್ಧ ಗಂಟೆ ತುರ್ತಿಗೆ ಪರವಾಗಿಲ್ಲ, ದಿನದ ವ್ಯವಸ್ಥೆಯಾಗಿ ಬೇಡ.

ಈಗ ಹೊಂದಿಸೋದು. ರೆಡ್ಮಿಯನ್ನು ಫ್ಯಾಕ್ಟರಿ ರಿಸೆಟ್ ಮಾಡಿ. ಇದಕ್ಕಾಗಿಯೇ ಒಂದು ಹೊಸ ಗೂಗಲ್ ಖಾತೆ ಮಾಡಿ ಹಾಕಿ, ನಿಮ್ಮ ಯುಪಿಐ, ಬ್ಯಾಂಕ್ ಆಪ್ ಇರೋ ಖಾತೆ ಬೇಡ. ಸಿಮ್ ತೆಗೆದುಬಿಡಿ, ಒಳಬರುವ ಒಂದು ಕರೆ ಸಾಕು ಮೈಕ್ ಕಿತ್ಕೊಳ್ಳೋಕೆ, ರಿಂಗ್ ಆದ್ರೆ ಮಗುವೂ ಎದ್ದುಬಿಡುತ್ತೆ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ಅದರ ಮೇಲೆ ವೈಫೈ ಮಾತ್ರ ಆನ್ ಮಾಡಿ. ಆಪ್ ಹಾಕಿ ಮೈಕ್, ಕ್ಯಾಮೆರಾ ಅನುಮತಿ ಕೊಡಿ. ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ನ ಬ್ಯಾಟರಿ ಸೇವರ್‌ಗೆ ಹೋಗಿ ‘ನಿರ್ಬಂಧ ಇಲ್ಲ’ ಅಂತ ಮಾಡಿ, ಆಟೋಸ್ಟಾರ್ಟ್ ಆನ್ ಮಾಡಿ, ರೀಸೆಂಟ್ ಪಟ್ಟಿಯಲ್ಲಿ ಆಪ್ ಒತ್ತಿಹಿಡಿದು ಬೀಗದ ಗುರುತು ಹಾಕಿ. ಶಿಯೋಮಿ, ಒಪ್ಪೊ, ವಿವೊ, ರಿಯಲ್‌ಮಿ ಫೋನ್‌ಗಳಲ್ಲಿ ಇವು ಬೇರೆ ಬೇರೆ ಕಡೆ ಇರುತ್ತವೆ, ಒಂದು ಬಿಟ್ಟರೂ ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಫೋನೇ ಆಪನ್ನು ಕೊಂದುಹಾಕುತ್ತೆ.

ನಿಮ್ಮ ಕೈಯಲ್ಲಿರೋ ಫೋನಿಗೂ ಇದೇ ಬ್ಯಾಟರಿ ಸೆಟ್ಟಿಂಗ್ ಬೇಕು. ಮೀಟಿಂಗ್ ಅಂತ ಡು ನಾಟ್ ಡಿಸ್ಟರ್ಬ್ ಹಾಕೋರಾದರೆ ಈ ಆಪ್‌ಗೆ ವಿನಾಯಿತಿ ಕೊಡಿ. ನೀವು ಫೋನಲ್ಲಿ ಮಾತಾಡುವಾಗ ಮಾನಿಟರ್ ಸದ್ದು ನಿಲ್ಲುತ್ತೆ, ಬಹುತೇಕ ಆಪ್‌ಗಳಲ್ಲಿ ಹೀಗೇ. ಆದ್ದರಿಂದ ಅತ್ತೆಯವರ ಫೋನನ್ನೂ ಎರಡನೇ ಕೇಳುಗನಾಗಿ ಸೇರಿಸಿ, ಅಡುಗೆಮನೆ ಶೆಲ್ಫ್ ಮೇಲೆ ವೈಬ್ರೇಶನ್ ಜೊತೆ ಇಡಲಿ. ಮಿಕ್ಸಿ ಓಡುತ್ತಿದ್ದರೂ ಸ್ಕ್ರೀನ್ ಬೆಳಗೋದು ಕಣ್ಣಿಗೆ ಬೀಳುತ್ತೆ.

ವೈಫೈ ವಿಷಯ. ಮೇಲೆ ಕೆಳಗೆ ಅಂದ್ರೆ ನಡುವೆ ಆರ್‌ಸಿಸಿ ಮೋಲ್ಡ್ ಇದೆ. 5 ಗಿಗಾಹರ್ಟ್ಸ್ ಸಿಗ್ನಲ್ ಅದನ್ನು ದಾಟುವಾಗ ಬಹಳ ಕುಗ್ಗುತ್ತೆ, 2.4 ಅಷ್ಟು ಕುಗ್ಗಲ್ಲ. ರೂಟರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಎರಡೂ ಫೋನನ್ನು 2.4ಕ್ಕೆ ಹಾಕಿ. ಅಕ್ಕಪಕ್ಕದ ಮನೆಗಳ ವೈಫೈ ದಟ್ಟವಾಗಿದ್ದರೆ ಚಾನೆಲ್ ಆಟೋ ಬಿಟ್ಟು 1, 6, 11 ಈ ಮೂರರಲ್ಲಿ ಕಡಿಮೆ ಗಿಜಿಗಿಜಿ ಇರೋದಕ್ಕೆ ನಿಲ್ಲಿಸಿ. ಭದ್ರತೆ ಅಂತ ಗೆಸ್ಟ್ ವೈಫೈಗೆ ಹಾಕೋದು ಒಳ್ಳೇ ಯೋಚನೆಯೇ, ಆದರೆ ಬಹಳಷ್ಟು ರೂಟರ್‌ಗಳು ಗೆಸ್ಟ್‌ನಲ್ಲಿರೋ ಸಾಧನಗಳು ಒಂದಕ್ಕೊಂದು ಕಾಣದ ಹಾಗೆ ತಡೆಯುತ್ತವೆ. ‘ಎರಡೂ ಒಂದೇ ವೈಫೈನಲ್ಲಿದ್ದರೂ ಫೋನ್ ಸಿಗ್ತಿಲ್ಲ’ ಅಂದ್ರೆ ಮೊದಲು ಇದನ್ನೇ ನೋಡಿ.

ಕರೆಂಟ್. ಮನೆಯಲ್ಲಿ ಇನ್ವರ್ಟರ್ ಇದ್ದರೆ ರೂಟರ್, ಫೈಬರ್ ಡಬ್ಬಿ ಎರಡೂ ಇನ್ವರ್ಟರ್ ಲೈನಿನ ಪ್ಲಗ್ಗಿಗೇ ಬಂದಿವೆಯಾ ನೋಡಿ. ಫೈಬರ್ ಡಬ್ಬಿ ಬೇರೆ ಗೋಡೆಯಲ್ಲಿ ಉಳಿದುಹೋಗಿರೋದು ಸಾಮಾನ್ಯ. ಇನ್ವರ್ಟರ್ ಹಿಂದೆ ಇಕೋ ಮೋಡ್, ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಯುಪಿಎಸ್‌ಗೆ ಹಾಕಿ. ಇಕೋದಲ್ಲಿ ಬದಲಾಗೋ ಹೊತ್ತು ಜಾಸ್ತಿ, ಅಷ್ಟರಲ್ಲಿ ರೂಟರ್ ರೀಸ್ಟಾರ್ಟ್ ಆಗಿ ಎರಡು ಮೂರು ನಿಮಿಷ ಸಂಪರ್ಕ ಇರಲ್ಲ. ಇನ್ವರ್ಟರ್ ಇಲ್ಲ ಅಂದ್ರೆ ರೂಟರ್‌ಗೆ ಅಂತಲೇ ಸಿಗೋ ಮಿನಿ ಯುಪಿಎಸ್ ತಗೊಳ್ಳಿ. ಕೊಳ್ಳೋ ಮುಂಚೆ ರೂಟರ್ ಅಡಾಪ್ಟರ್ ಮೇಲಿನ ಬರಹ ಓದಿ: 12 ವೋಲ್ಟ್ 1 ಆಂಪ್, 1.5, 2, ಹೀಗಿರುತ್ತೆ. ವೋಲ್ಟ್ ಸರಿಯಾಗಿ ಅದೇ ಇರಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಬೇಕು. 9 ವೋಲ್ಟ್ ರೂಟರ್‌ಗೆ 12 ಕೊಟ್ಟರೆ ಸುಟ್ಟುಹೋಗಬಹುದು. ಒಂದೇ ಯುಪಿಎಸ್‌ನಿಂದ ಎರಡು ಡಬ್ಬಿ ಓಡಿಸೋದಾದರೆ ಎರಡರ ಆಂಪ್ ಕೂಡಿಸಿ ನೋಡಿ.

ಎಲ್ಲಾ ಆದಮೇಲೆ ಪರೀಕ್ಷೆ ಮಾಡದೆ ನಂಬಬೇಡಿ. ಮಗು ಇಲ್ಲದಾಗ ಬಾಗಿಲು ಹಾಕಿ, ಫ್ಯಾನ್ ಐದರಲ್ಲಿಟ್ಟು, ಹಾಸಿಗೆ ಪಕ್ಕ ಮೆಲ್ಲಗೆ ಮಾತಾಡಿ, ಮೇಲೆ ಕೇಳಬೇಕು. ರೂಟರ್ ಪ್ಲಗ್ ಎಳೀರಿ. ಒಂದು ನಿಮಿಷದೊಳಗೆ ಅಲಾರಂ ಬರಬೇಕು. ಪ್ಲಗ್ ವಾಪಸ್ ಹಾಕಿ. ನೀವು ಏನೂ ಮುಟ್ಟದೆ ತಾನೇ ಜೋಡಿಕೊಳ್ಳಬೇಕು. ಕೊನೆಗೆ ಮಗುವಿನ ಫೋನನ್ನೇ ಸ್ವಿಚ್ ಆಫ್ ಮಾಡಿ ನೋಡಿ. ಈ ನಾಲ್ಕರಲ್ಲಿ ಒಂದು ಕೆಟ್ಟರೂ ಬೇರೆ ಆಪ್ ಹುಡುಕಿ. ಎರಡೂ ಫೋನ್ ಒಂದೇ ಕೋಣೆಯಲ್ಲಿಟ್ಟು ಪರೀಕ್ಷಿಸಬೇಡಿ, ಕುಂಯ್ಯೋ ಅಂತ ಕಿರುಚುತ್ತವೆ.

ಶಿಶುವಾರ್ಡ್_ದಾದಿ

ಮೇಲಿನವರು ಫೋನಿನ ಬಗ್ಗೆ ಎಲ್ಲಾ ಹೇಳಿದ್ದಾರೆ. ನಾನು ಇಡುವ ಜಾಗ ಮತ್ತು ಮಲಗಿಸುವ ರೀತಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಐದು ತಿಂಗಳ ಮಗುವಿಗೆ ನಿಜವಾದ ಅಪಾಯ ಚಾರ್ಜರ್ ವೈರಿನದು. ಈ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಳ್ಳುತ್ತವೆ, ಮಗುಚಿಕೊಂಡು ಸರಿಯುತ್ತವೆ. ವೈರು ಕುತ್ತಿಗೆಗೆ ಸುತ್ತಿಕೊಂಡು ಶಿಶುಗಳು ತೀರಿಕೊಂಡಿರುವ ಪ್ರಕರಣಗಳು ದಾಖಲಾಗಿವೆ. ಫೋನು, ವೈರು, ಸಾಕೆಟ್ ಎಲ್ಲವೂ ಮಗುವಿನ ಹಾಸಿಗೆಯ ಅಂಚಿನಿಂದ ಕನಿಷ್ಠ 3 ಅಡಿ ದೂರ ಇರಬೇಕು. ನಿಮ್ಮ ಮಗು ಚಾಪೆಯ ಮೇಲೆ ಮಲಗುವುದರಿಂದ ಅದು ಉರುಳಿ ಸರಿಯುವಷ್ಟು ಜಾಗವನ್ನೂ ಸೇರಿಸಿ 5–6 ಅಡಿ ಬಿಡಿ. ವೈರನ್ನು ಗೋಡೆಗೆ ಕ್ಲಿಪ್ ಹೊಡೆದು ಮೇಲಿನಿಂದ ತನ್ನಿ, ನೆಲದ ಮೇಲೆ ಹರಿಯಬಿಡಬೇಡಿ.

ಫೋನನ್ನು ಮಗುವಿನ ನೇರ ಮೇಲೆ ಎಂದೂ ಕಟ್ಟಬೇಡಿ. ಬಗ್ಗುವ ಕತ್ತಿನ ಸ್ಟ್ಯಾಂಡ್ ಕೆಲವೇ ದಿನಗಳಲ್ಲಿ ಸಡಿಲವಾಗುತ್ತದೆ. ಪಕ್ಕದ ಗೋಡೆಯ ಬೀರು ಅಥವಾ ಶೆಲ್ಫಿಗೆ ಕ್ಲಾಂಪ್ ಹಾಕಿ, ಕಳಚಿ ಬಿದ್ದರೂ ಮಗುವಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಸೀರೆ ಜೋಲಿ ಬಗ್ಗೆ. ಜೋಲಿಯಲ್ಲಿ ಬಟ್ಟೆ ಎರಡೂ ಕಡೆ ಎದ್ದು ನಿಲ್ಲುವುದರಿಂದ ಕ್ಯಾಮೆರಾಗೆ ಬರೀ ಸೀರೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಬೆನ್ನು ಬಾಗಿ ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಹಾಗಾದ ಮಗು ಅಳುವುದೂ ಇಲ್ಲ, ಆದ್ದರಿಂದ ಯಾವ ಮೈಕೂ ನಿಮ್ಮನ್ನು ಎಚ್ಚರಿಸುವುದಿಲ್ಲ. ಮಗುಚಿಕೊಳ್ಳಲು ಶುರುಮಾಡಿದ ಮಗುವನ್ನು ಜೋಲಿಯಲ್ಲಿ ಒಂಟಿಯಾಗಿ ಬಿಡಲೇಬಾರದು. ಪಕ್ಕದಲ್ಲಿ ಕೂತು ತೂಗುವಾಗ ಮಾತ್ರ ಜೋಲಿ. ನಿದ್ದೆ ಬಂದ ಮೇಲೆ ಗಟ್ಟಿಯಾದ, ಸಮತಟ್ಟಾದ ಹಾಸಿಗೆಗೆ ಅಂಗಾತ ಮಲಗಿಸಿ. ಸಾಸಿವೆ ದಿಂಬು, ಪಕ್ಕದ ದಿಂಬು, ದಪ್ಪ ಹೊದಿಕೆ, ಗೊಂಬೆ ಯಾವುದೂ ಬೇಡ.

ರಾತ್ರಿ ನಿಮ್ಮ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಿಸಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಸಲಹೆಯಲ್ಲೂ ಕನಿಷ್ಠ ಆರು ತಿಂಗಳು ಹೀಗೇ ಇರಲಿ ಎಂದಿದೆ. ಉಸಿರು, ಹೃದಯ ಬಡಿತ ಅಳೆಯುವ ಮನೆ ಮಾನಿಟರ್‌ಗಳನ್ನು ತೊಟ್ಟಿಲ ಸಾವು ತಡೆಯುವ ಉಪಾಯವಾಗಿ ಬಳಸಬಾರದು ಎಂದೂ ಅದೇ ಸಲಹೆ ಹೇಳುತ್ತದೆ. ಫೋನ್ ಕ್ಯಾಮೆರಾ ನೋಡಿ ‘ಉಸಿರು ಎಣಿಸುತ್ತೇನೆ’ ಎನ್ನುವ ಆಪ್ ಕಂಡರೆ ಹಣ ಕೊಡಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾಗಿದ್ದು ವೈದ್ಯರು ಉಸಿರಿನ ಮೇಲೆ ನಿಗಾ ಇಡಿ ಎಂದಿದ್ದರೆ ಅದಕ್ಕೆ ಅವರು ಬರೆದುಕೊಡುವ ವೈದ್ಯಕೀಯ ಉಪಕರಣವೇ ಬೇಕು.

ಅತ್ತೆಯವರ ಚಿಂತೆಗೆ: ನಮ್ಮ ದೇಶದಲ್ಲಿ ಮಾರುವ ಫೋನಿನ ವಿಕಿರಣಕ್ಕೆ 2012ರ ಸೆಪ್ಟೆಂಬರ್‌ನಿಂದ ಮಿತಿ ಇದೆ, ದೇಹದ ಅಂಗಾಂಶದ ಕಿಲೋಗೆ 1.6 ವ್ಯಾಟ್. ಆ ಲೆಕ್ಕ ಫೋನನ್ನು ಮೈಗೆ, ತಲೆಗೆ ಹತ್ತಿರ ಹಿಡಿದಾಗಿನದು. *#07# ಒತ್ತಿದರೆ ನಿಮ್ಮ ಫೋನಿನ ಅಂಕಿ ಕಾಣುತ್ತದೆ. ದೂರ ಹೆಚ್ಚಿದಂತೆ ತೀವ್ರತೆ ಬೇಗ ಇಳಿಯುತ್ತದೆ, ದೂರ ಎರಡು ಪಟ್ಟಾದರೆ ಸುಮಾರು ನಾಲ್ಕನೇ ಒಂದು ಭಾಗ. ಏರೋಪ್ಲೇನ್ ಮೋಡ್‌ನಲ್ಲಿ ವೈಫೈ ಮಾತ್ರ ಇರುವ ಫೋನು ಟವರ್ ಹುಡುಕುತ್ತಾ ಶಕ್ತಿ ಏರಿಸುವುದೂ ಇಲ್ಲ. ವೈರಿಗಾಗಿ ಬಿಟ್ಟ 5 ಅಡಿ ಇದಕ್ಕೂ ಆಯಿತು. ಅವರ ಮಾತಿನಲ್ಲಿ ಸರಿಯಾದದ್ದೂ ಇದೆ: ಫೋನು ಹಾಸಿಗೆಯೊಳಗೆ, ದಿಂಬಿನಡಿ ಇರಬಾರದು.

ಕೆಂಗೇರಿ_ಬಾಡಿಗೆಮನೆ

ವೈಫೈ ಇಲ್ಲದ ಮನೆಯವರೂ ಇದನ್ನು ಓದ್ತಿರ್ತಾರೆ, ಅವರಿಗೆ ಎರಡು ಮಾತು. ಬ್ರಾಡ್‌ಬ್ಯಾಂಡ್ ಬೇಕಾಗಿಲ್ಲ. ನಿಮ್ಮ ಕೈಯಲ್ಲಿರೋ ಫೋನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಮಗುವಿನ ಫೋನನ್ನು ಅದಕ್ಕೆ ಜೋಡಿಸಿ. ಲೋಕಲ್ ಆಗಿ ಓಡೋ ಆಪ್ ಆದ್ರೆ ಡೇಟಾ ಖರ್ಚಾಗಲ್ಲ, ಎರಡು ಫೋನಿನ ನಡುವೆಯೇ ಹೋಗುತ್ತೆ. ಕರೆಂಟ್ ಹೋದರೂ ನಡೆಯುತ್ತೆ, ರೂಟರ್ರೇ ಇಲ್ಲವಲ್ಲ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯಾರೂ ಇಲ್ಲದಿದ್ದರೆ ತಾನೇ ಆಫ್’ ಅನ್ನೋದನ್ನು ತೆಗೆದುಹಾಕಿ, ಬ್ಯಾಂಡ್ 2.4ಕ್ಕೆ ಇಡಿ. ಒಂದೆರಡು ಗೋಡೆ ದಾಟುತ್ತೆ, ಕೆಳಗಡೆ ಅಂಗಡಿಗೆ ಹೋದ್ರೆ ಕಡಿಯುತ್ತೆ.

ಇಂಟರ್ನೆಟ್ ಮೇಲೇ ಓಡೋ ಆಪ್ ಆದ್ರೆ ಲೆಕ್ಕ ಹಾಕ್ಕೊಳ್ಳಿ. ಬರೀ ಧ್ವನಿ ಸೆಕೆಂಡಿಗೆ 24 ಕಿಲೋಬಿಟ್ ಅಂದ್ರೆ ಗಂಟೆಗೆ ಸುಮಾರು 11 ಎಂಬಿ. ಸಾಧಾರಣ ವಿಡಿಯೋ 500 ಕಿಲೋಬಿಟ್ ಅಂದ್ರೆ ಗಂಟೆಗೆ 225 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಆರೂವರೆ ಗಂಟೆಗೆ ಖಾಲಿ, ಅದೂ ಬೇರೇನೂ ನೋಡದಿದ್ದರೆ. ಆಮೇಲೆ ವೇಗ 64 ಕಿಲೋಬಿಟ್‌ಗೆ ಇಳಿದರೆ ವಿಡಿಯೋ ನಿಂತುಹೋಗುತ್ತೆ. ಆಡಿಯೋ ಮಾತ್ರ ಇಟ್ಟು, ಸದ್ದು ಬಂದಾಗ ವಿಡಿಯೋ ತೆರೆದು ನೋಡೋದು ಸರಿ.

ಪುಟ್ಟಿಯಮ್ಮ_ಬನಶಂಕರಿ

ಎಲ್ಲರಿಗೂ ತುಂಬಾ ಧನ್ಯವಾದ. ಜೋಲಿ ವಿಷಯ ಅತ್ತೆಗೆ ಓದಿ ಹೇಳಿದೆ, ಒಪ್ಪಿದ್ರು. ಫೋನ್ ಹೊಂದಿಸಿದ್ದೀವಿ, ನಾಲ್ಕೂ ಪರೀಕ್ಷೆ ಸರಿ ಬಂತು. ಉಳಿದಿರೋದು ಮೂರು ತೊಂದರೆ. ಮಿಕ್ಸಿ, ಕುಕ್ಕರ್ ಕೂಗಿಗೆಲ್ಲಾ ಅಲರ್ಟ್ ಬರ್ತಿದೆ. ಸಂಜೆ ಆರರ ಮೇಲೆ ಚಿತ್ರ ಕಪ್ಪು. ಸೊಳ್ಳೆ ಪರದೆಯ ಕೊಡೆ ಮುಚ್ಚಿದ್ರೆ ಹಗಲೂ ಮುಖ ಮಸುಕು. ಚಾರ್ಜಿಂಗ್ ಪ್ರಶ್ನೆಗೂ ಉತ್ತರ ಬೇಕು, ಫೋನ್ ಮುಟ್ಟಿದ್ರೆ ಬಿಸಿ ಇರುತ್ತೆ.

ಎಸ್ಪಿರೋಡ್_ವೈರಿಂಗ್

ಮಿಕ್ಸಿಗೆ ಸೆನ್ಸಿಟಿವಿಟಿ ಇಳಿಸೋಕೆ ಹೋಗ್ಬೇಡಿ, ಅಳುವಿನ ಶುರುವೇ ತಪ್ಪಿಹೋಗುತ್ತೆ. ಫೋನಿನ ಜಾಗ ಬದಲಿಸಿ. ಮೈಕ್ ಇರೋದು ಫೋನಿನ ಕೆಳ ಅಂಚಿನಲ್ಲಿ, ಚಾರ್ಜಿಂಗ್ ತೂತಿನ ಪಕ್ಕ. ಆ ಅಂಚು ಬಾಗಿಲ ಕಡೆ ಇದ್ದರೆ ಅಡುಗೆಮನೆ ಕೇಳುತ್ತೆ, ಮಗುವಿನ ಕಡೆ ತಿರುಗಿಸಿದರೆ ಮಗು ಕೇಳುತ್ತೆ. ಬಾಗಿಲು ಹಾಕಿ, ಕೆಳಗಿನ ಸಂದಿಗೆ ಹಳೇ ಟವೆಲ್ ಸುತ್ತಿಡಿ. ಕ್ಲಾಂಪ್ ಮೈಕ್ ತೂತಿನ ಮೇಲೆ ಕೂತಿದೆಯಾ ಅದನ್ನೂ ನೋಡಿ, ಬಹಳ ಜನ ಗಮನಿಸಲ್ಲ. ಫ್ಯಾನ್ ಗಾಳಿ ನೇರ ಮೈಕಿಗೆ ಬಡಿದರೆ ಗುರ್ ಅಂತ ಒಂದೇ ಸಮ ಬರುತ್ತೆ, ಒಂದಡಿ ಪಕ್ಕಕ್ಕೆ ಸರಿಸಿದರೂ ಸಾಕು. ಚಲನೆಯ ಅಲರ್ಟ್ ಇದ್ದರೆ ಆಫ್ ಮಾಡಿ, ಪರದೆ ಅಲುಗಿದರೂ ಬಡಿಯುತ್ತೆ.

ಕತ್ತಲೆಗೆ: ಫೋನ್ ಕ್ಯಾಮೆರಾದಲ್ಲಿ ಇನ್ಫ್ರಾರೆಡ್ ತಡೆಯೋ ಗಾಜು ಇರುತ್ತೆ, ಆದ್ದರಿಂದ ನೈಟ್ ವಿಷನ್ ಯಾವ ಆಪ್‌ನಿಂದಲೂ ಬರಲ್ಲ. ‘ನೈಟ್ ಮೋಡ್’ ಅನ್ನೋದು ಇರೋ ಬೆಳಕನ್ನೇ ಹಿಗ್ಗಿಸೋದು, ಚಿತ್ರ ಕಾಳುಕಾಳಾಗುತ್ತೆ. ಜೀರೋ ಕ್ಯಾಂಡಲ್ ಬಲ್ಬು ಒಂದು ಹಾಕಿ, 0.5 ವ್ಯಾಟಿನ ಎಲ್‌ಇಡಿ, ಹಳದಿ ಅಥವಾ ಕೆಂಪು. ಅದು ಕ್ಯಾಮೆರಾದ ಹಿಂದೆ ಇರಬೇಕು. ಎದುರಿಗೆ ಬಲ್ಬು ಕಂಡರೆ ಕ್ಯಾಮೆರಾ ಉಳಿದದ್ದನ್ನೆಲ್ಲಾ ಕಪ್ಪು ಮಾಡುತ್ತೆ. ಫೋನಿನ ಟಾರ್ಚ್ ಹಾಕಿಡಬೇಡಿ, ಬಿಸಿ ಅದರಿಂದಲೇ ಏರುತ್ತೆ.

ಪರದೆಗೆ: ಆಟೋಫೋಕಸ್ ಹೋಗಿ ಬಲೆಯ ಮೇಲೆ ನಿಲ್ಲುತ್ತೆ. ಆಪ್‌ನಲ್ಲಿ ಫೋಕಸ್ ಲಾಕ್ ಇದ್ದರೆ ಪರದೆ ಎತ್ತಿ, ಹಾಸಿಗೆ ಮೇಲೆ ಫೋಕಸ್ ಮಾಡಿ, ಲಾಕ್ ಮಾಡಿ, ಆಮೇಲೆ ಮುಚ್ಚಿ. ಇಲ್ಲದಿದ್ದರೆ ಮುಂದಿನ ಸೆಲ್ಫಿ ಕ್ಯಾಮೆರಾ ಬಳಸಿ. ಬಹಳಷ್ಟರಲ್ಲಿ ಅದಕ್ಕೆ ಆಟೋಫೋಕಸ್ಸೇ ಇರಲ್ಲ, ಈ ಕೆಲಸಕ್ಕೆ ಅದೇ ಅನುಕೂಲ. ಮುಂದೆ 1,500–2,500 ರೂಪಾಯಿಯ ವೈಫೈ ಕ್ಯಾಮೆರಾಗೆ ಹೋದರೆ ಇನ್ಫ್ರಾರೆಡ್ ಸಿಗುತ್ತೆ, ಆದ್ರೆ ಅದರ ಬೆಳಕು ಹತ್ತಿರದ ಬಿಳಿ ಬಲೆಗೆ ಬಡಿದು ಇಡೀ ಚಿತ್ರ ಬಿಳಿಯಾಗುತ್ತೆ. ಡಬ್ಬಿಯಲ್ಲಿ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ಹೊಕ್ಕಿದ್ದು ಹಾಗೆ ಬಿಟ್ಟ ಪಾಸ್‌ವರ್ಡ್‌ಗಳಿಂದಲೇ.

ಚಾರ್ಜಿಂಗ್: ಲಿಥಿಯಂ ಬ್ಯಾಟರಿಗೆ ನೂರರಲ್ಲೇ ನಿಲ್ಲೋದು, ಬಿಸಿ, ಎರಡೂ ಸೇರಿದರೆ ಊದಿಕೊಳ್ಳುತ್ತೆ. ಏಪ್ರಿಲ್ ಸೆಕೆಯಲ್ಲಿ, ಬಾಗಿಲು ಹಾಕಿದ ರೂಮಿನಲ್ಲಿ ವಿಡಿಯೋ ಓಡಿಸ್ತಾ ಚಾರ್ಜ್ ಮಾಡಿದ್ರೆ ಬಿಸಿ ಇನ್ನೂ ಜಾಸ್ತಿ. ರೆಡ್ಮಿ ಜೊತೆ ಬಂದ ಫಾಸ್ಟ್ ಚಾರ್ಜರ್ ಪಕ್ಕಕ್ಕಿಟ್ಟು ಬಿಐಎಸ್ ನೋಂದಣಿ ಗುರುತಿರೋ 5 ವೋಲ್ಟ್ 1 ಆಂಪ್ ಚಾರ್ಜರ್ ಹಾಕಿ. ಹಿಂದಿನ ರಬ್ಬರ್ ಕವರ್ ತೆಗೀರಿ, ಸ್ಕ್ರೀನ್ ಆಫ್, ಬರೀ ಆಡಿಯೋ, ಬೇಕಾದಾಗ ವಿಡಿಯೋ. ಚಾರ್ಜ್ ಮಿತಿ 80 ಅಥವಾ 85ಕ್ಕೆ ನಿಲ್ಲಿಸೋ ಆಯ್ಕೆ ನಿಮ್ಮ ಫೋನಲ್ಲಿದ್ದರೆ ಹಾಕಿ, ಇಲ್ಲದಿದ್ದರೆ ಸಾಕೆಟ್‌ಗೆ ಟೈಮರ್ ಪ್ಲಗ್ ಹಾಕಿ ಎರಡು ಗಂಟೆ ಆನ್, ಎರಡು ಗಂಟೆ ಆಫ್ ಮಾಡಿ. ಬ್ಯಾಟರಿ ಬಿಸಿ 40 ಡಿಗ್ರಿ ದಾಟ್ತಿದ್ದರೆ ವಿಡಿಯೋ ನಿಲ್ಲಿಸಿ.

ವಾರಕ್ಕೊಮ್ಮೆ ಫೋನನ್ನು ಗಾಜಿನ ಮೇಜಿನ ಮೇಲೆ ಅಂಗಾತ ಇಟ್ಟು ಮೂಲೆ ಒತ್ತಿ ನೋಡಿ. ಗಿರಕಿ ಹೊಡೆದರೆ, ಸ್ಕ್ರೀನ್ ಅಂಚಲ್ಲಿ ಉಗುರು ಹೋಗುವಷ್ಟು ಸಂದಿ ಬಂದಿದ್ದರೆ ಬ್ಯಾಟರಿ ಊದಿದೆ ಅಂತಲೇ. ತಕ್ಷಣ ಚಾರ್ಜ್ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಸರ್ವಿಸ್ ಸೆಂಟರ್ ಅಥವಾ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ. ಆ ಸ್ಯಾಮ್‌ಸಂಗ್ ಕೂಡ ಹೀಗೆ ಒಮ್ಮೆ ನೋಡಿಬಿಡಿ, ವರ್ಷಗಟ್ಟಲೆ ಡ್ರಾಯರ್‌ನಲ್ಲಿ ಬಿದ್ದ ಫೋನುಗಳಲ್ಲಿ ಇದು ಮಾಮೂಲು.

ಜಯನಗರ_ನಾಲ್ಕನೇಬ್ಲಾಕ್

ಯಾರೂ ಹೇಳದ ಒಂದು ವಿಷಯ. ಕೋಣೆಯಲ್ಲಿ ಮಗು ಒಂದೇ ಇರಲ್ಲ. ಅತ್ತೆಯವರು ಸೀರೆ ಬದಲಿಸಬಹುದು, ಬಾಣಂತಿ ಹಾಲು ಕುಡಿಸಬಹುದು, ಆಯಾ ಇದ್ದರೆ ಅವರೂ ಇರ್ತಾರೆ. ಕ್ಯಾಮೆರಾ ಎಲ್ಲಿದೆ, ಯಾರು ಯಾರು ನೋಡ್ತಾರೆ, ಧ್ವನಿಯೂ ಹೋಗುತ್ತೆ ಅನ್ನೋದನ್ನು ಅವರಿಗೆ ಮೊದಲೇ ಬಾಯಿಬಿಟ್ಟು ಹೇಳಿ, ಆಪ್‌ನಲ್ಲಿ ಒಮ್ಮೆ ತೋರಿಸಿ. ಹೇಳದೆ ಇಟ್ಟು ಆಮೇಲೆ ಗೊತ್ತಾದರೆ ಕೆಲಸಕ್ಕೆ ಬರೋರ ನಂಬಿಕೆ ಹೋಗುತ್ತೆ, ಅದು ಸಹಜ. ಲೆನ್ಸ್ ಮೇಲೆ ಒಂದು ಬಟ್ಟೆ ಇಳಿಬಿಡೋ ಹಕ್ಕು ಕೋಣೆಯಲ್ಲಿರೋರಿಗೆ ಇರಲಿ, ಧ್ವನಿ ಹೇಗೂ ಬರ್ತಾ ಇರುತ್ತೆ.

ಕ್ಲೌಡ್‌ಗೆ ರೆಕಾರ್ಡಿಂಗ್ ಹೋಗೋ ಆಯ್ಕೆ ಆಫ್ ಮಾಡಿ. ಮಗುವಿನ ಫೋನಿನ ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, ಗೂಗಲ್ ಫೋಟೋಸ್ ಬ್ಯಾಕಪ್ ನಿಲ್ಲಿಸಿ. ಊರಲ್ಲಿರೋ ಅಜ್ಜಿ ತಾತ ನೋಡಲಿ ಅಂತ ಪಾಸ್‌ವರ್ಡ್ ಫ್ಯಾಮಿಲಿ ಗ್ರೂಪಿಗೆ ಹಾಕೋರಿದ್ದಾರೆ, ದಯವಿಟ್ಟು ಬೇಡ; ಅವರಿಗೆ ಸಂಜೆ ಒಂದು ವಿಡಿಯೋ ಕಾಲ್ ಮಾಡಿ. ಆಯಾ ಬದಲಾದಾಗ, ಅವರ ಫೋನಲ್ಲಿ ಆಪ್ ಹಾಕಿದ್ದರೆ, ಆ ಸಾಧನವನ್ನು ಪಟ್ಟಿಯಿಂದ ತೆಗೆದು ಪಾಸ್‌ವರ್ಡ್ ಬದಲಿಸಿ.

ಪುಟ್ಟಿಯಮ್ಮ_ಬನಶಂಕರಿ

ಮೈಕ್ ಅಂಚು ತಿರುಗಿಸಿದ್ದಕ್ಕೆ ಕುಕ್ಕರ್ ಅಲರ್ಟ್ ನಿಂತಿತು, ಮಿಕ್ಸಿಗೆ ಮಾತ್ರ ಒಮ್ಮೊಮ್ಮೆ ಬರುತ್ತೆ, ಪರವಾಗಿಲ್ಲ. ಸ್ಯಾಮ್‌ಸಂಗ್ ಮೇಜಿನ ಮೇಲಿಟ್ಟರೆ ಗಿರಕಿ ಹೊಡೀತಿದೆ. ಇವತ್ತೇ ಮನೆಯಿಂದ ಆಚೆ ಕಳಿಸ್ತೀವಿ.

ಎಸ್ಪಿರೋಡ್_ವೈರಿಂಗ್

ಒಯ್ಯುವಾಗ ಸ್ವಿಚ್ ಆಫ್ ಇರಲಿ, ಬ್ಯಾಗಿನಲ್ಲಿ ಬೀಗದ ಕೈ, ನಾಣ್ಯದ ಜೊತೆ ಹಾಕಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ.